ಡಾಂಗ್ ಜಲಪಾತಗಳು: ಲಾವಾದ ಮೆಟ್ಟಿಲು, ಗುಳೆಯ ದಾರಿ

ವಡೋದರಾದ ನಮ್ಮ ಗೆಳೆಯರ ಬಳಗದಲ್ಲಿ ಪ್ರತಿ ಜುಲೈನಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಈ ಸಲ ಮಳೆ ನೋಡಲು ಎಲ್ಲಿಗೆ ಹೋಗೋಣ? ಜೋಗ ಕಂಡ ಕಣ್ಣಿಗೆ ಈ ಬಯಲಿನಲ್ಲಿ ಏನು ಕಾಣಬೇಕು ಎಂದು ಮಲೆನಾಡಿನವರು ಮೂಗು ಮುರಿಯುತ್ತಾರೆ. ಅಹಮದಾಬಾದಿನಲ್ಲಿ ಓದುವ ಹುಡುಗರಿಗೆ ಗುಜರಾತ್ ಎಂದರೆ ಸಾಬರಮತಿಯ ದಂಡೆ, ಕಚ್ಛದ ಬಿಳಿ ಉಪ್ಪಿನ ಬಯಲು. ಸೂರತ್ತಿನವರು ಮಾತ್ರ ತಡಮಾಡದೆ 'ಡಾಂಗ್' ಎನ್ನುತ್ತಾರೆ.

ಸೂರತ್ತಿನವರ ಮಾತು ಸರಿ. ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮಹಾರಾಷ್ಟ್ರದ ನಾಶಿಕಕ್ಕೆ ಆತುಕೊಂಡಿರುವ ಡಾಂಗ್ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 2000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ವಘಾಯಿ ಊರಿನ ಹತ್ತಿರ ಗಿರಾ ಜಲಪಾತವಿದೆ. ಎತ್ತರಕ್ಕಿಂತ ಅಗಲವೇ ಅದರ ವೈಭವ. ಕಪ್ಪು ಬಂಡೆಯ ಅರೆಚಂದ್ರದ ಅಂಚಿನ ಉದ್ದಕ್ಕೂ ಕೆಂಪು ನೀರು ಒಮ್ಮೆಲೇ ಕೆಳಗುರುಳುತ್ತದೆ. ಉತ್ತರಕ್ಕೆ ಸುಬೀರ್ ತಾಲ್ಲೂಕಿನಲ್ಲಿ ಗಿರಮಾಳ್ ಜಲಪಾತ. ಅದು ಒಂದೇ ಜಿಗಿತಕ್ಕೆ ನೂರು ಅಡಿಗೂ ಮಿಗಿಲಾಗಿ ಇಳಿಯುತ್ತದೆ. ಪಕ್ಕದ ತಾಪಿ ಜಿಲ್ಲೆಯ ಸೋನಗಢ ಸೀಮೆಯಲ್ಲಿ ಚಿಮೇರ್, ನರ್ಮದಾ ಜಿಲ್ಲೆಯ ಡೇಡಿಯಾಪಾಡಾದಲ್ಲಿ ನಿನಾಯಿ. ಇವಲ್ಲದೆ ಹೆಸರೇ ಇಲ್ಲದ, ಮಳೆ ನಿಂತ ವಾರಕ್ಕೆ ಮಾಯವಾಗುವ ನೂರಾರು ಧಾರೆಗಳಿವೆ.

ಹಲವು ಮಳೆಗಾಲ ಈ ದಾರಿಗಳಲ್ಲಿ ಅಲೆದಿದ್ದೇನೆ. ಅಲೆದಂತೆಲ್ಲ ನನಗೆ ಅನ್ನಿಸುತ್ತ ಬಂದದ್ದು ಇದು: ಈ ನೀರನ್ನು ಕೆಡವುವ ಬಂಡೆಯೇ ಇಲ್ಲಿನ ಇತಿಹಾಸವನ್ನೂ ರೂಪಿಸಿದೆ. ಯಾರು ಇಲ್ಲಿಗೆ ಹತ್ತಿ ಬಂದರು, ಏನನ್ನು ಇಳಿಸಿಕೊಂಡು ಹೋದರು, ಇಲ್ಲಿನವರು ಯಾವ ತಿಂಗಳಲ್ಲಿ ಊರು ಬಿಡುತ್ತಾರೆ ಎಂಬುದಕ್ಕೆಲ್ಲ ಉತ್ತರ ಆ ಬಂಡೆಯಿಂದಲೇ ಶುರುವಾಗುತ್ತದೆ.

ಮೆಟ್ಟಿಲು ಎಂಬ ಹೆಸರಿನ ಬಂಡೆ

ಭೂವಿಜ್ಞಾನಿಗಳು ಈ ನೆಲವನ್ನು 'ಡೆಕ್ಕನ್ ಟ್ರ್ಯಾಪ್' ಎನ್ನುತ್ತಾರೆ. ಇಲ್ಲಿ ಟ್ರ್ಯಾಪ್ ಎಂದರೆ ಬೋನಲ್ಲ. ಸ್ವೀಡನ್ನಿನ ಭಾಷೆಯಲ್ಲಿ 'ಟ್ರಪ್ಪಾ' ಎಂದರೆ ಮೆಟ್ಟಿಲು. ಮೇಲೆ ಚಪ್ಪಟೆ, ಬದಿಯಲ್ಲಿ ಕಡಿದು, ಮತ್ತೆ ಚಪ್ಪಟೆ, ಮತ್ತೆ ಕಡಿದು ನಿಂತ ಗುಡ್ಡಗಳನ್ನು ದೂರದಿಂದ ನೋಡಿದರೆ ಆ ಹೆಸರು ತಾನಾಗಿ ಅರ್ಥವಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ 1833ರಲ್ಲಿ ದಖ್ಖನ್ನಿನ ಬಂಡೆಗಳ ಕುರಿತು ಪ್ರಬಂಧ ಪ್ರಕಟಿಸಿದ ಮೇಲೆ ಈ ಹೆಸರು ವಿದ್ವಾಂಸರಲ್ಲಿ ಬೇರೂರಿತು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿತು. ಚಿತ್ರಗಳಲ್ಲಿ ಕಾಣುವ ಶಂಕುವಿನಾಕಾರದ ಜ್ವಾಲಾಮುಖಿಯ ಸ್ಫೋಟ ಅದಲ್ಲ. ಕಾದ ದೋಸೆಕಲ್ಲಿನ ಮೇಲೆ ಹಿಟ್ಟು ಹರಡುವಂತೆ ಬಿಸಿ ಶಿಲಾರಸ ನೂರಾರು ಕಿಲೋಮೀಟರ್ ಹರಡಿ ಆರಿತು. ಅದರ ಮೇಲೆ ಇನ್ನೊಂದು ಹರವು, ಅದರ ಮೇಲೆ ಮತ್ತೊಂದು. ಎಷ್ಟೋ ಭಾಗ ಸವೆದು ಹೋದ ಮೇಲೂ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಕಪ್ಪು ಹೊದಿಕೆಯಡಿ ಇದೆ. ಪಶ್ಚಿಮ ಘಟ್ಟದ ಕೆಲವೆಡೆ ಅದರ ದಪ್ಪ ಎರಡು ಕಿಲೋಮೀಟರಿನಷ್ಟು.

ಜಲಪಾತದ ಗುಟ್ಟು ಪದರಗಳ ನಡುವೆ ಇದೆ. ಪ್ರತಿ ಹರವಿನ ಒಡಲು ನಿಧಾನ ಆರಿ ಗಟ್ಟಿ ಬಸಾಲ್ಟ್ ಆಗುತ್ತದೆ. ಅದರಲ್ಲಿ ಕಂಬ ನಿಲ್ಲಿಸಿದಂತೆ ನೆಟ್ಟಗೆ ಬಿರುಕು ಬೀಳುತ್ತವೆ. ಅದೇ ಹರವಿನ ಮೇಲ್ಭಾಗದಲ್ಲಿ ಗಾಳಿಗುಳ್ಳೆ ತುಂಬಿ, ಇಡ್ಲಿಯ ಒಡಲಿನಂತೆ ತೂತುತೂತಾದ ಮೆತ್ತನೆಯ ಕಲ್ಲಾಗುತ್ತದೆ. ಎರಡು ಹರವುಗಳ ನಡುವೆ ಕಾಲ ಸಂದಿದ್ದರೆ ಅಲ್ಲಿ ಕೆಂಪು ಮಣ್ಣಿನ ತೆಳುಪದರವೂ ಸಿಗುತ್ತದೆ. ಹೊಳೆ ಮೊದಲು ಈ ಮೆತ್ತನೆಯ ಪದರವನ್ನು ಕೊರೆಯುತ್ತದೆ. ಕೆಳಗಿನ ಆಸರೆ ತಪ್ಪಿದಾಗ ಮೇಲಿನ ಗಟ್ಟಿ ಬಂಡೆ ಆ ನೆಟ್ಟನೆಯ ಬಿರುಕುಗಳಗುಂಟ ಕಳಚಿ ಬೀಳುತ್ತದೆ. ಹೀಗೆ ಅಂಚು ಸದಾ ಕಡಿದಾಗಿಯೇ ಉಳಿದು, ಜಲಪಾತ ಇಂಚಿಂಚಾಗಿ ಹಿಂದೆ ಸರಿಯುತ್ತದೆ. ಗಿರಾದ ಅಡಿಯಲ್ಲಿ ಬಿದ್ದಿರುವ ಮಂಚದಷ್ಟು ದೊಡ್ಡ ಬಂಡೆಗಳು ಹಿಂದೊಮ್ಮೆ ಮೇಲಿದ್ದ ಅಂಚೇ.

ವಡೋದರಾ, ಅಹಮದಾಬಾದಿನವರಿಗೂ ಇದೇ ಕಥೆಯ ತುಣುಕುಗಳು ಮನೆಯ ಹತ್ತಿರವೇ ಇವೆ. ನಾವು ಕಾಳಿಕಾ ಮಾತೆಯ ದರ್ಶನಕ್ಕೆ ಹತ್ತುವ ಪಾವಗಢ ಲಾವಾ ಪದರಗಳದ್ದೇ ಬೆಟ್ಟ. ಬಾಲಾಸಿನೋರ್ ಹತ್ತಿರದ ರೈಯೋಲಿಯಲ್ಲಿ 1980ರ ದಶಕದ ಆರಂಭದಿಂದ ಡೈನೋಸಾರ್ ಮೂಳೆ, ಮೊಟ್ಟೆಗಳು ಸಿಗುತ್ತಿವೆ. ಆ ಪಳೆಯುಳಿಕೆ ಇರುವ ಲಮೇಟಾ ಶಿಲೆ ಲಾವಾದ ಬುಡದ ಪದರ. ಆ ಪ್ರಾಣಿಗಳು ಅಳಿದದ್ದರಲ್ಲಿ ಉಲ್ಕೆಯ ಪಾಲೆಷ್ಟು, ಈ ಲಾವಾದ ಪಾಲೆಷ್ಟು ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ನಮ್ಮೂರಿನ ಕಲ್ಲು

ನಾನು ವಿಜಯಪುರ ಜಿಲ್ಲೆಯವನು. ನಮ್ಮಲ್ಲಿ ಜಲಪಾತವಿಲ್ಲ, ಬಾವಿ ತೋಡಿದರೆ ಕರಿ ಪರಸಿ, ಹೊಲದಲ್ಲಿ ಎರೆಮಣ್ಣು. ಎರಡೂ ಇದೇ ಲಾವಾದ ಮಕ್ಕಳು. ಡೆಕ್ಕನ್ ಟ್ರ್ಯಾಪಿನ ದಕ್ಷಿಣದ ಸೆರಗು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಉತ್ತರ ಭಾಗಗಳವರೆಗೆ ಬಂದು ಮುಗಿಯುತ್ತದೆ. 1656ರಲ್ಲಿ ಮುಗಿದ ಗೋಲಗುಮ್ಮಟದ ಬೂದುಗಪ್ಪು ಕಲ್ಲು, ಗಿರಾದ ಅಂಚಿನ ಕಲ್ಲು ಒಂದೇ ಕುಲದವು. ವಡೋದರಾ, ಭರೂಚ್ ನಡುವಿನ ಕಾನಮ್ ಸೀಮೆಯ ಕರಿನೆಲದಲ್ಲಿ ಹತ್ತಿ ಒಡೆದು ನಿಂತದ್ದನ್ನು ರೈಲಿನ ಕಿಟಕಿಯಿಂದ ಕಂಡಾಗ ಊರಿನ ಹೊಲ ನೆನಪಾಗುವುದು ಬರೀ ಹಂಬಲದಿಂದಲ್ಲ, ಮಣ್ಣಿನ ನಂಟಿನಿಂದಲೂ.

ಬೆರಗೆಂದರೆ, ಕರ್ನಾಟಕದ ಹೆಸರಾಂತ ಜಲಪಾತಗಳು ಈ ಕಲ್ಲಿನವಲ್ಲ. ಘಟಪ್ರಭಾ ಧುಮುಕುವ ಗೋಕಾಕದ 52 ಮೀಟರ್ ಕಡಿದು ಲಾವಾಕ್ಕಿಂತ ಎಷ್ಟೋ ಹಳೆಯ ಮರಳುಗಲ್ಲು. ಶರಾವತಿ 253 ಮೀಟರ್ ಇಳಿಯುವ ಜೋಗದ ಬಂಡೆಗಳ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಅವುಗಳ ಮುಂದೆ ಡಾಂಗಿನ ಕಲ್ಲು ನಿನ್ನೆಯ ಕೂಸು. ಆದರೆ ಬೆಟ್ಟಸಾಲು ಮಾತ್ರ ಒಂದೇ. ತಾಪಿ ನದಿಯ ದಕ್ಷಿಣಕ್ಕೆ, ಡಾಂಗಿನ ಕಾಡುಗಳಲ್ಲಿ ತಲೆಯೆತ್ತುವ ಸಹ್ಯಾದ್ರಿಯೇ ಮುಂದೆ ನಮ್ಮ ಮಲೆನಾಡನ್ನು ಹಾದು ಕೇರಳಕ್ಕೆ ಇಳಿಯುವುದು. ಸೂರತ್ತಿನ ಮಲೆನಾಡಿಗರು ತಮ್ಮ ಘಟ್ಟದ ಉತ್ತರದ ಹೊಸ್ತಿಲಲ್ಲೇ ಮನೆ ಮಾಡಿದ್ದಾರೆ ಎಂದರೆ ತಪ್ಪಲ್ಲ.

ತಾಮ್ರಪಟದ ಬಯಲು, ಕಥೆಯ ಕಾಡು

ಕನ್ನಡ ನಾಡಿನ ದೊರೆಗಳು ಈ ಸೀಮೆಗೆ ನಮಗಿಂತ ಮೊದಲೇ ಬಂದಿದ್ದರು. ಗಿರಮಾಳ್ ಜಲಪಾತದ ನೀರು ಪೂರ್ಣಾ ನದಿ ಸೇರಿ ನವಸಾರಿಯ ಹತ್ತಿರ ಕಡಲಿಗೆ ಹೋಗುತ್ತದೆ. ಅದೇ ನವಸಾರಿ, ಆಗಿನ ನವಸಾರಿಕಾ, ಬಾದಾಮಿ ಚಾಲುಕ್ಯರ ಒಂದು ಶಾಖೆಯ ನೆಲೆ. ಅವನಿಜನಾಶ್ರಯ ಪುಲಕೇಶಿ ಸಿಂಧ್ ಕಡೆಯಿಂದ ನುಗ್ಗಿ ಬಂದ ಅರಬ್ ಸೇನೆಯನ್ನು ತಡೆದದ್ದನ್ನು 739ರ ನವಸಾರಿ ತಾಮ್ರಪಟ ಹೇಳುತ್ತದೆ. ನಂತರ ರಾಷ್ಟ್ರಕೂಟರ ಲಾಟ ಶಾಖೆ ಬಂತು. ಅದರ ದೊರೆ ಕರ್ಕ ಸುವರ್ಣವರ್ಷನ 812ರ ದಾನಪಟದಲ್ಲಿ ವಡಪದ್ರಕ ಎಂಬ ಹಳ್ಳಿ ಬರುತ್ತದೆ. ಇಂದಿನ ವಡೋದರಾ ನಗರದ ಹೆಸರು ಮೊದಲು ಕಾಣಿಸುವುದೇ ಅಲ್ಲಿ. ನಾವು ಬಾಡಿಗೆ ಕಟ್ಟುವ ಊರಿನ ಹಳೆಯ ದಾಖಲೆ ರಾಷ್ಟ್ರಕೂಟರದು ಎಂದಾಗ ನಮ್ಮ ಬಳಗದಲ್ಲಿ ಎಲ್ಲರಿಗೂ ಒಂದು ಗಳಿಗೆ ಎದೆಯುಬ್ಬುತ್ತದೆ.

ಆದರೆ ತಾಮ್ರಪಟ ಬರೆಸುವುದು ಕಂದಾಯ ಬರುವ ನೆಲಕ್ಕೆ: ಹಳ್ಳಿ, ಎಲ್ಲೆ, ದಾನ ಪಡೆದವನ ಗೋತ್ರ, ಬಿಟ್ಟುಕೊಟ್ಟ ತೆರಿಗೆ. ನೇಗಿಲು ಓಡದ, ಬಂಡಿ ಹತ್ತದ ಮೆಟ್ಟಿಲು ಗುಡ್ಡಗಳಿಗೆ ಅಂಥ ಬರಹ ಬೇಕಿರಲಿಲ್ಲ. ಬಯಲಿನ ಇತಿಹಾಸ ಲೋಹದ ಮೇಲೆ ಉಳಿದರೆ, ಡಾಂಗಿನದು ಬಾಯಿಮಾತಿನಲ್ಲಿ ಉಳಿಯಿತು. ಭಿಲ್ಲರು, ಕೊಂಕಣರು, ವಾರ್ಲಿಗಳು ಹೇಳುವ ಈ ಕಥೆಗಳಿಗೆ 'ಗೋಠ್' ಎಂದು ಹೆಸರು. ಇತಿಹಾಸಕಾರ ಅಜಯ್ ಸ್ಕಾರಿಯಾ ಅವನ್ನು ಕೇಳಿಸಿಕೊಂಡು 1999ರಲ್ಲಿ 'ಹೈಬ್ರಿಡ್ ಹಿಸ್ಟರೀಸ್' ಎಂಬ ಪುಸ್ತಕ ತಂದರು. ಗೋಠ್‌ಗಳಲ್ಲಿ ಕಾಲ ಎರಡು ಪಾಲಾಗುತ್ತದೆ. ಮೊದಲನೆಯದು 'ಮೊಗಲಾಯಿ'. ಮೊಘಲರ ಆಳ್ವಿಕೆಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಕಾಡಿನಲ್ಲಿ ಬೇಕಾದಲ್ಲಿ ಉಳುಮೆ, ಬೇಟೆ, ಮೀನು, ಬಯಲಿನ ಹಳ್ಳಿಗಳಿಂದ ಭಿಲ್ ನಾಯಕರು ಎತ್ತುತ್ತಿದ್ದ ಪಾಲು, ಒಟ್ಟಿನಲ್ಲಿ ಸ್ವಂತದ ಕಾಲ. ಎರಡನೆಯದು 'ಮಂಡಿನಿ', ಅಂದರೆ ಗಡಿ ಗುರುತು ಹಾಕಿದ ಕಾಲ. ಗೆರೆ ಎಳೆದವರು ಬ್ರಿಟಿಷರು.

ಅವರನ್ನು ಮೇಲಕ್ಕೆ ಕರೆತಂದದ್ದು ಸಾಗುವಾನಿ. ಮುಂಬಯಿಯ ಹಡಗುಕಟ್ಟೆಗೆ ಮಲಬಾರ್, ಕೆನರಾ ಕಾಡುಗಳ ತೇಗ ಸಾಲದಾದಾಗ ಕಣ್ಣು ಡಾಂಗಿನ ಮೇಲೆ ಬಿತ್ತು. 1830ರಲ್ಲಿ ಸೇನೆ ಕಾಡು ಹೊಕ್ಕಿತು. 1842ರಲ್ಲಿ ಭಿಲ್ ದೊರೆಗಳಿಂದ ಮರಗಳ ಗುತ್ತಿಗೆ ಪಡೆಯಲಾಯಿತು. ಶತಮಾನದ ಕೊನೆಯ ದಶಕಗಳಲ್ಲಿ ಕಾಡಿನ ದೊಡ್ಡ ಭಾಗವನ್ನು ಮೀಸಲೆಂದು ಗುರುತು ಹಾಕಿ, ಅಲ್ಲಿ ಬೇಸಾಯ ನಿಲ್ಲಿಸಲಾಯಿತು. ದಾಂಡೇಲಿ, ಯಲ್ಲಾಪುರ ಕಡೆಯ ಓದುಗರಿಗೆ ಈ ಕಥೆ ಹೊಸದಲ್ಲ. ಅಲ್ಲಿಯೂ ಕುಮರಿ ಬೇಸಾಯವನ್ನು ಹೀಗೆಯೇ ಹತ್ತಿಕ್ಕಲಾಯಿತು.

ಮರ ಇಳಿಸಲು ದಾರಿ ಬೇಕಿತ್ತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಬರೋಡಾದ ಗಾಯಕವಾಡ್ ಸಂಸ್ಥಾನ ಬಿಲಿಮೋರಾದಿಂದ ವಘಾಯಿಗೆ ಸುಮಾರು 63 ಕಿಲೋಮೀಟರ್ ಕಿರುದಾರಿಯ ರೈಲು ಹಾಕಿಸಿತು. ಹಳಿಗಳ ನಡುವಿನ ಅಗಲ ಎರಡೂವರೆ ಅಡಿ. ಈಗ ಅದು ಪ್ರವಾಸಿಗರ ಮುದ್ದಿನ ಗಾಡಿ. ನಾನೂ ಅದರ ಕಿಟಕಿಯಲ್ಲಿ ಮೂರು ಗಂಟೆ ಕುಳಿತು ಮಳೆ ನೋಡಿದವನೇ. ಹಳಿ ವಘಾಯಿಯಲ್ಲಿ ನಿಲ್ಲುತ್ತದೆ, ಏಕೆಂದರೆ ಕಲ್ಲಿನ ಮೆಟ್ಟಿಲು ಅಲ್ಲಿಂದ ಏರುತ್ತದೆ. ಜಲಪಾತವೂ ರೈಲಿನ ಕೊನೆಯ ನಿಲ್ದಾಣವೂ ಪಕ್ಕಪಕ್ಕದಲ್ಲಿರುವುದಕ್ಕೆ ಈ ನೆಲದ ಏರೇ ಕಾರಣ.

ಸ್ವಾತಂತ್ರ್ಯದ ನಂತರ ಇನ್ನೊಂದು ಗೆರೆಯ ಜಗಳ ಎದ್ದಿತು. ಡಾಂಗಿ ಮಾತು ಮರಾಠಿಗೆ ಸೇರಿದ್ದೋ ಗುಜರಾತಿಗೆ ಸೇರಿದ್ದೋ ಎಂದು ಬಯಲಿನ ನಾಯಕರು ವಾದಿಸಿದರು. 1960ರ ಮೇ 1ರಂದು ಮುಂಬಯಿ ರಾಜ್ಯ ಒಡೆದಾಗ ಡಾಂಗ್ ಗುಜರಾತಿಗೆ ಬಂತು. ಬೆಳಗಾವಿ, ಕಾಸರಗೋಡು ಎಂಬ ಹೆಸರು ಕೇಳಿದರೆ ಕಿವಿ ನೆಟ್ಟಗಾಗುವ ನಮಗೆ, ಎರಡು ದೊಡ್ಡ ಭಾಷೆಗಳ ನಡುವಿನ ಸಣ್ಣ ಮಾತಿನ ಪಾಡು ಬೇಗ ಅರ್ಥವಾಗಬೇಕು.

ನೀರು ಇಳಿದ ಮೇಲೆ

ಆಗಸ್ಟಿನಲ್ಲಿ ಗಿರಾ ಕಂಡವರು ಫೆಬ್ರುವರಿಯಲ್ಲಿ ಅಲ್ಲಿಗೆ ಹೋದರೆ ಬೆಚ್ಚಿಬೀಳುತ್ತಾರೆ. ಬರೀ ಬಂಡೆ, ಮಡುಗಳಲ್ಲಿ ಒಂದಿಷ್ಟು ನೀರು. ಗಟ್ಟಿ ಬಸಾಲ್ಟ್ ನೀರನ್ನು ಹೀರಿಟ್ಟುಕೊಳ್ಳುವುದಿಲ್ಲ. ಬಿರುಕುಗಳಲ್ಲಿ, ಮೇಲಿನ ಶಿಥಿಲ ಪದರದಲ್ಲಿ ನಿಂತದ್ದಷ್ಟೇ ಬಾವಿಗೆ. ಇಳಿಜಾರಿನ ಮೇಲೆ ಮಣ್ಣೂ ತೆಳು. ನಾಲ್ಕು ತಿಂಗಳಲ್ಲಿ ಸುರಿದ ಮಳೆ ಮೆಟ್ಟಿಲಿಳಿದು ಅಂಬಿಕಾ, ಪೂರ್ಣಾ ನದಿಗಳ ದಾರಿ ಹಿಡಿದು ಕಡಲು ಸೇರಿಬಿಡುತ್ತದೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಕಡೆ ಬೇಸಿಗೆಯಲ್ಲಿ ಹೆಂಗಸರು ಕೊಡ ಹೊತ್ತು ನಡೆಯುವುದು ಇದರಿಂದ. ಜಲಪಾತವನ್ನು ಕಟ್ಟಿಕೊಟ್ಟ ಕಲ್ಲೇ ಬರವನ್ನೂ ಕಟ್ಟಿಕೊಟ್ಟಿದೆ.

2011ರ ಜನಗಣತಿಯಂತೆ ಡಾಂಗಿನ ಜನಸಂಖ್ಯೆ ಸುಮಾರು 2.28 ಲಕ್ಷ, ನೂರಕ್ಕೆ 94ಕ್ಕೂ ಹೆಚ್ಚು ಮಂದಿ ಆದಿವಾಸಿಗಳು. ಮಳೆಗಾಲದ ಬೆಳೆ ಭತ್ತ ಮತ್ತು ನಾಗಲಿ. ನಾಗಲಿ ಎಂದರೆ ನಮ್ಮ ರಾಗಿಯೇ. ವಘಾಯಿಯಲ್ಲಿ ನವಸಾರಿ ಕೃಷಿ ವಿಶ್ವವಿದ್ಯಾಲಯದ ಗುಡ್ಡಗಾಡು ಸಿರಿಧಾನ್ಯ ಸಂಶೋಧನಾ ಕೇಂದ್ರವಿದೆ. ಬೆಂಗಳೂರಿನಿಂದ ರಾಗಿಹಿಟ್ಟು ತರಿಸಿಕೊಳ್ಳುವ ಗೆಳೆಯರಿಗೆ ನಾನು ಪ್ರತಿಸಲ ಹೇಳುವುದುಂಟು: ವಘಾಯಿಯ ಪೇಟೆಗೆ ಹೋಗಿ, ನಾಗಲಿ ಕೇಳಿ.

ನಾಗಲಿಯ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಆಗ ಟ್ರಕ್ಕುಗಳು ಬರುತ್ತವೆ. ಮುಕಾದಮ್ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಗಂಡ, ಹೆಂಡತಿ ಸೇರಿ ಒಂದು 'ಕೋಯ್ತಾ', ಅಂದರೆ ಒಂದು ಕುಡಗೋಲಿನ ಲೆಕ್ಕ. ಸೂರತ್, ಬಾರಡೋಲಿ, ನವಸಾರಿ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿ ನವೆಂಬರಿನಿಂದ ಬೇಸಿಗೆಯವರೆಗೆ ಅವರ ಬದುಕು. ಚಿಕ್ಕ ಮಕ್ಕಳೂ ಜೊತೆಗೆ ಬರುತ್ತಾರೆ, ಶಾಲೆ ಹಿಂದೆ ಉಳಿಯುತ್ತದೆ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ದಶಕಗಳ ಕಾಲ ದಕ್ಷಿಣ ಗುಜರಾತಿನ ಈ ದುಡಿಮೆಯನ್ನೇ ಬರೆಯುತ್ತ ಬಂದಿದ್ದಾರೆ.

ಇದಕ್ಕೆ ನಮ್ಮ ಕಡೆ ಒಂದೇ ಮಾತು: ಗುಳೆ. ವಿಜಯಪುರ, ಯಾದಗಿರಿ, ಕಲಬುರಗಿಯವರಿಗೆ ಆ ಪದದ ಭಾರ ಗೊತ್ತು. ಸುಗ್ಗಿ ಮುಗಿದೊಡನೆ ಬೀಗ ಬೀಳುವ ಮನೆಗಳು, ಊರಲ್ಲಿ ಉಳಿಯುವ ಮುದುಕರು, ಮುಂಗಡ ತೀರುವ ತನಕ ಮರಳದ ಜೋಡಿಗಳು. ಅಲ್ಲಿಯೂ ಕೋಯ್ತಾ ಇದೆ, ಟೋಳಿ ಇದೆ, ಅದೇ ಲಾವಾದ ಬಂಡೆಯೂ ಇದೆ. ಕಲ್ಲೊಂದೇ ಬಡತನ ಹುಟ್ಟಿಸುವುದಿಲ್ಲ ಎಂಬುದು ನಿಜ. ಕಾಡು ಕಿತ್ತುಕೊಂಡ ಗೆರೆ, ಮುಂಗಡದ ಸಾಲ, ಕೆಳಗಿನ ಬಯಲಿಗೆ ಮಾತ್ರ ಹರಿದ ಕಾಲುವೆ, ಇವೆಲ್ಲ ಮನುಷ್ಯರು ಮಾಡಿದವು. ಆದರೆ ಈ ಗೆರೆ, ಈ ಕಾಲುವೆಗಳು ಎಲ್ಲಿ ಬೀಳಬೇಕೆಂಬುದನ್ನು ಕಲ್ಲು ಮೊದಲೇ ಸೂಚಿಸಿತ್ತು. ನಾವೂ ಊರು ಬಿಟ್ಟು ಬಂದವರೇ, ಆದರೆ ನೇಮಕಾತಿ ಪತ್ರ ಹಿಡಿದು ಬಂದವರು. ಒಂದೇ ನಗರಕ್ಕೆ, ಒಂದೇ ಹೆದ್ದಾರಿಯಲ್ಲಿ ಬಂದರೂ ನಮ್ಮ ಬರವು ಅವರದಕ್ಕೆ ಸಮನಲ್ಲ.

ಜೋಗದಿಂದ ಬಂದವರು ಹೇಳಬಹುದಾದ ಮಾತು

ಇಷ್ಟು ನೀರು ವ್ಯರ್ಥವಾಗಿ ಹರಿಯುತ್ತದಲ್ಲ, ಅಣೆಕಟ್ಟು ಕಟ್ಟಬಾರದೇ ಎಂದು ಗಿರಾದ ಮುಂದೆ ನಿಂತ ಎಂಜಿನಿಯರ್ ಗೆಳೆಯರು ಕೇಳುವುದು ಸಹಜ. ಆ ಯೋಚನೆ ಸರ್ಕಾರದಲ್ಲೂ ಇದೆ. ಪಾರ್, ತಾಪಿ, ನರ್ಮದಾ ನದಿಗಳ ಜೋಡಣೆಯ ಯೋಜನೆಯಲ್ಲಿ ಏಳು ಅಣೆಕಟ್ಟುಗಳ ಪ್ರಸ್ತಾಪವಿದೆ. ಅವುಗಳಲ್ಲಿ ಚಿಕ್ಕಾರ್, ಡಾಬ್ದರ್, ಕೇಳ್ವಾಣ್ ಮೂರೂ ಡಾಂಗಿನವು. 2022ರ ಕೇಂದ್ರ ಬಜೆಟ್ಟಿನಲ್ಲಿ ಹೆಸರಿಸಿದ ಐದು ಜೋಡಣೆಗಳಲ್ಲಿ ಇದೂ ಒಂದಾಗಿತ್ತು. ಕೃಷ್ಣಾ–ಪೆನ್ನಾರ್, ಪೆನ್ನಾರ್–ಕಾವೇರಿ ಜೋಡಣೆಗಳ ಹೆಸರೂ ಅದೇ ಪಟ್ಟಿಯಲ್ಲಿದ್ದವು. ಡಾಂಗ್, ತಾಪಿ, ವಲಸಾಡ್ ಜಿಲ್ಲೆಗಳ ಆದಿವಾಸಿಗಳು ಬೀದಿಗಿಳಿದರು. ಅದೇ ಮೇ ತಿಂಗಳಲ್ಲಿ ಗುಜರಾತ್ ಸರ್ಕಾರ ಯೋಜನೆ ಕೈಬಿಡುವುದಾಗಿ ಸಾರಿತು. ಆದರೂ ಆತಂಕ ಪೂರ್ತಿ ಅಳಿದಿಲ್ಲ.

ಅವರ ಭಯ ಅಕಾರಣವಲ್ಲ. 1972ರಲ್ಲಿ ಮುಗಿದ ಉಕಾಯಿ ಅಣೆಕಟ್ಟು ಸೂರತ್ ಸೀಮೆಯ ಹೊಲಗಳಿಗೆ ನೀರುಣಿಸಿತು, ಕಬ್ಬು ತಂದಿತು; ಆದರೆ ಹಿನ್ನೀರಿನಲ್ಲಿ ಮುಳುಗಿದ್ದು ಆದಿವಾಸಿ ಹಳ್ಳಿಗಳು. ಮೇಲೆ ನೆಲ ಮುಳುಗಿದವರ ಬಂಧುಬಳಗ ಕೆಳಗೆ ಅದೇ ನೀರಿನ ಕಬ್ಬು ಕಡಿಯಲು ಹೋಗುತ್ತದೆ. ಜೋಗದ ಕನ್ನಡಿಗರಿಗೆ ಇದು ಪರಿಚಿತ ಪಾಠ. 1964ರಲ್ಲಿ ಲಿಂಗನಮಕ್ಕಿ ಬಂತು, ನಾಡಿಗೆ ಬೆಳಕು ಬಂತು. ಧಾರೆಗಳು ಬಡವಾದವು, ಶರಾವತಿ ಮುಳುಗಡೆಯವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅಣೆಕಟ್ಟೇ ಬೇಡ ಎಂದು ನಾನು ಹೇಳುತ್ತಿಲ್ಲ; ವಿದ್ಯುತ್ತೂ ನೀರೂ ಎಲ್ಲರಿಗೂ ಬೇಕು. ಆದರೆ ಡಾಂಗಿನವರ ಕೊಡ ತುಂಬಲು ಹಳ್ಳಕ್ಕೊಂದು ಸಣ್ಣ ಒಡ್ಡು ಸಾಕು, ದೊಡ್ಡ ಜಲಾಶಯ ಬೇಕಾದದ್ದು ಬೇರೆಯವರಿಗೆ. ಲೆಕ್ಕ ಹಾಕುವಾಗ ಈ ವ್ಯತ್ಯಾಸ ಮರೆಯಬಾರದು ಎಂಬ ಮಾತನ್ನು ಜೋಗದಿಂದ ಬಂದವರು ಅಧಿಕಾರದಿಂದ ಹೇಳಬಹುದು.

ಈ ಸಲ ಶ್ರಾವಣದಲ್ಲಿ ಗಿರಾಕ್ಕೆ ಹೋಗುವವರು ಖಂಡಿತ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಬಂಡೆಯ ಅಂಚಿಗೆ ಮಾತ್ರ ಹೋಗಬೇಡಿ, ಪಾಚಿಗಟ್ಟಿದ ಬಸಾಲ್ಟ್ ಯಾರ ಕಾಲನ್ನೂ ನಿಲ್ಲಗೊಡುವುದಿಲ್ಲ. ಸಾಧ್ಯವಾದರೆ ಹೋಳಿಗೆ ಮುಂಚೆ ಇನ್ನೊಮ್ಮೆ ಹೋಗಿ. ಆಗ ಆಹ್ವಾದಲ್ಲಿ ಡಾಂಗ್ ದರ್ಬಾರ್ ನಡೆಯುತ್ತದೆ. ಸಾಗುವಾನಿಯ ಗುತ್ತಿಗೆ ಬರೆದುಕೊಟ್ಟ ಭಿಲ್ ದೊರೆಗಳ ವಂಶದ ಐವರಿಗೆ ಸರ್ಕಾರ ವರ್ಷಾಶನ ಕೊಟ್ಟು ಗೌರವಿಸುತ್ತದೆ. ದೇಶದ ಉಳಿದ ರಾಜರ ರಾಜಧನ 1971ರಲ್ಲೇ ರದ್ದಾದರೂ ಇದು ನಿಂತಿಲ್ಲ. ಹಬ್ಬಕ್ಕೆಂದು ಕಬ್ಬಿನ ಗದ್ದೆಗಳಿಂದ ಕೆಲವರಾದರೂ ಊರಿಗೆ ಬಂದಿರುತ್ತಾರೆ. ಗಿರಾದಲ್ಲಿ ನೀರಿರುವುದಿಲ್ಲ. ಮಳೆಗಾಲದಲ್ಲಿ ಕಾಣದ ಪದರಗಳು, ತೂತುಗಲ್ಲು, ನೆಟ್ಟನೆಯ ಬಿರುಕು, ಕಳಚಿ ಬಿದ್ದ ಅಂಚು ಎಲ್ಲವೂ ಆಗ ಬಿಸಿಲಿನಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.